ಮತ್ತಿತರರು

ದುರ್ಗಿಗುಡಿಯ ಅಡ್ಡರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ,
ನಮ್ಮ ಡಿಟಿಪಿ ಸೆಂಟರು. ಪುಟಕ್ಕೆ ಇಪ್ಪತ್ತು,
ಟೇಬಲ್ ಇದ್ದರೆ ಮೂವತ್ತು.
ಕರೆಂಟು ಹೋದರೆ ಯುಪಿಎಸ್ಸು ಹನ್ನೊಂದು ನಿಮಿಷ.

ವಾರಿಜಾಕ್ಷಿ ಮೇಡಂ ಬಂದದ್ದು ಶನಿವಾರ, ಊಟದ ಹೊತ್ತಿಗೆ.
ಸೋಮವಾರ ಕೊನೇ ದಿನ. ಬಡ್ತಿಯ ಅರ್ಜಿ, ಈ ಸಲ ಕನ್ನಡದಲ್ಲೇ ಬೇಕಂತೆ.
ಪ್ರಕಟಣೆಗಳ ಪಟ್ಟಿ ಹಳೇ ಪ್ರಶ್ನೆಪತ್ರಿಕೆಗಳ ಬೆನ್ನಿಗೆ, ಕೈಬರಹದಲ್ಲಿ.
ಒಟ್ಟು ಮೂವತ್ತೊಂದು. ಒಂದೊಂದಕ್ಕೂ ಅಂಕ,
ಮೊದಲ ಹೆಸರಾದರೆ ಹೆಚ್ಚು, ನಡುವೆ ಸಿಕ್ಕಿಕೊಂಡರೆ ಕಮ್ಮಿ.
"ನನ್ನ ಹೆಸರಷ್ಟೇ ದಪ್ಪ ಮಾಡಮ್ಮ.
ಉಳಿದವರದ್ದು ಉದ್ದವಾದರೆ ಮತ್ತಿತರರು ಅಂತ ಹಾಕು."

ಹಾಕಿದೆ.
ಮೂರು: ಫೌಂಡ್ರಿಯಲ್ಲಿ ಅಚ್ಚು ಹೊಯ್ಯುವವರ ಕಿವಿ.
ಏಳು: ಮಂಡಿಯ ಹಮಾಲರ ಸೊಂಟ.
ಎಂಟು: ಅದೇ ಹಮಾಲರು, ಐದು ವರ್ಷದ ಮೇಲೆ, ಸಿಕ್ಕವರು ಮಾತ್ರ.
ಹನ್ನೊಂದು: ಅಕ್ಕಿ ಗಿರಣಿ, ಹೊಟ್ಟಿನ ದೂಳು, ಕಣ್ಣು.
ಒಂದು ಕಡೆ ಕಿವಿ, ಒಂದು ಕಡೆ ಬೆನ್ನು;
ಇಡೀ ಮನುಷ್ಯ ಇನ್ನೂ ಬಂದಿರಲಿಲ್ಲ.

ಹದಿನಾಲ್ಕಕ್ಕೆ ಬೆರಳು ನಿಂತಿತು.
ಶಿವಮೊಗ್ಗದ ಬೀಡಿ ಕಟ್ಟುವ ಹೆಂಗಸರ ಶ್ವಾಸಕೋಶ.

ನಾನಾಗ ಏಳನೇ ಕ್ಲಾಸು. ಸೀಗೆಹಟ್ಟಿಯ ನಮ್ಮ ಗಲ್ಲಿಗೆ ಬಿಳಿ ಜೀಪು,
ಶಾಲೆಯ ಜಗಲಿಯಲ್ಲಿ ಮೇಜು, ಮೇಜಿನ ಮೇಲೊಂದು ಪೆಟ್ಟಿಗೆ,
ಒಬ್ಬೊಬ್ಬರಿಗೂ ಹೊಸ ರಟ್ಟಿನ ಕೊಳವೆ.
ಊದಿ, ಊದಿ, ಇನ್ನೂ ಊದಿ, ಬಿಡಬೇಡಿ!
ಪೇಪರು ಸುತ್ತಿ ಒಂದು ತಿಂಗಳು ಅದೇ ಆಟ ನಮಗೆ.

ಅಮ್ಮಿ ಊದಿದಳು. ಕೆಮ್ಮು ಬಂತು. ನೀರು ಕುಡಿದು ಮತ್ತೆ.
ಮತ್ತೆ ಕೆಮ್ಮು.
ಮೂರನೇ ಸಲ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕುಬಿಟ್ಟಳು.
ಒಂದು ಸ್ಟೀಲ್ ಡಬ್ಬಿ ಕೊಟ್ಟರು, ನಂಬರಿನ ಚೀಟಿ ಕೊಟ್ಟರು: ೧೧೮.
ಚೀಟಿ ಇವತ್ತಿಗೂ ರೇಷನ್ ಕಾರ್ಡಿನ ಕವರಿನೊಳಗಿದೆ.
ಡಬ್ಬಿಯಲ್ಲಿ ಉಪ್ಪು.

"ಮೇಡಂ, ಈ ಹದಿನಾಲ್ಕು ನೋಡಬಹುದಾ?"
ಪೆನ್‌ಡ್ರೈವಿನಲ್ಲಿತ್ತು. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ,
ಅಂಕಿ ಓದಬಲ್ಲೆ.
ಬಂದವರು ಇನ್ನೂರ ಹದಿಮೂರು. ಲೆಕ್ಕಕ್ಕೆ ಹಿಡಿದದ್ದು ಇನ್ನೂರ ನಾಲ್ಕು.
ಮೂರು ಸಲವೂ ಸರಿಯಾಗಿ ಊದಲಾಗದ ಒಂಬತ್ತು ಮಂದಿಯನ್ನು
ಕೈಬಿಡಲಾಗಿದೆ.

ಬೀಡಿ ಒಪ್ಪಿಸುವ ಸಂಜೆ. ಕಂಟ್ರಾಕ್ಟರನ ಹುಡುಗ
ಕಟ್ಟಿನಿಂದ ಎಳೆದೆಳೆದು ತುದಿ ಸಡಿಲಾದದ್ದು, ಹೊಟ್ಟೆ ಉಬ್ಬಿದ್ದು
ಪಕ್ಕಕ್ಕೆ ಹಾಕುತ್ತಾನೆ.
ಅದಕ್ಕೆ ಕೂಲಿಯಿಲ್ಲ. ಬೀಡಿಯೂ ವಾಪಸಿಲ್ಲ.

ಹೇಳಬಾರದಿತ್ತೇನೋ, ಹೇಳಿದೆ:
"ನೂರ ಹದಿನೆಂಟು ನಮ್ಮ ಅಮ್ಮಿ."

ಮೇಡಂ ಕನ್ನಡಕ ತೆಗೆದರು. ಕ್ಷಮೆ ಗಿಮೆ ಕೇಳಲಿಲ್ಲ, ಅದು ಹಿಡಿಸಿತು.
ಕೊನೇ ಪುಟಕ್ಕೆ ಹೋಗು ಅಂದರು. ಒಂದು ಸಾಲಿಗೆ ಬೆರಳಿಟ್ಟು
ನಿಧಾನಕ್ಕೆ ಕನ್ನಡ ಮಾಡಿದರು: ಊದಲಾಗದವರೇ
ಬಹುಶಃ ಹೆಚ್ಚು ಬಳಲಿದವರು; ಆದ್ದರಿಂದ ಈ ಸರಾಸರಿ
ನಿಜಕ್ಕಿಂತ ಆರೋಗ್ಯವಾಗಿ ಕಾಣುತ್ತಿದೆ.
"ಇದನ್ನು ತೆಗೀರಿ ಅಂದರು. ಎರಡು ಕಡೆ ವಾಪಸ್ ಬಂತು.
ತೆಗೀಲಿಲ್ಲ. ಮೂರನೇ ಕಡೆ ಹಾಕಿಕೊಂಡರು,
ಅಲ್ಲಿ ಬಂದದ್ದಕ್ಕೆ ಅರ್ಧ ಅಂಕ."

ಯುಪಿಎಸ್ಸು ಕೂಗಿಕೊಂಡಿತು. ಸೇವ್ ಮಾಡಿದೆ.
ಹದಿನಾಲ್ಕರಲ್ಲಿ ಮಾತ್ರ 'ಮತ್ತಿತರರು' ಅನ್ನುವುದನ್ನೂ ದಪ್ಪ ಮಾಡಿದೆ.
ಮೇಡಂ ನೋಡಿದರು. ತಿದ್ದಲಿಲ್ಲ.
ಐದು ಪುಟ, ಟೇಬಲ್ಲಿನ ರೇಟು, ನೂರೈವತ್ತು.
ಪೂರ್ತಿ ತಗೊಂಡೆ.

ರಾತ್ರಿ ಅಮ್ಮಿಗೆ ಹೇಳಿದೆ. ಒದ್ದೆ ಬಟ್ಟೆಯಲ್ಲಿ ಎಲೆ, ತೊಡೆಯ ಮೇಲೆ ಮೊರ,
ಕತ್ತರಿ ನಿಲ್ಲಿಸದೆ ಕೇಳಿದಳು,
"ಹಾಗಾದರೆ ನಾನು ಫೇಲಾ?"
ಇಲ್ಲಮ್ಮಿ, ನಿನ್ನ ಮೇಲೆ ಒಂದು ಸಾಲಿದೆ.
"ಒಂದೇ?"
ಅದಕ್ಕೇ ಅರ್ಧ ಅಂಕ ಕಳಕೊಂಡರಂತೆ ಅವರು.

ಇನ್ನೊಂದು ಹತ್ತು ಎಲೆ ಕತ್ತರಿಸಿರಬೇಕು ಅಮ್ಮಿ.
"ಊಟದ ಹೊತ್ತಿಗೆ ಬಂದಿದ್ದರು ಅಂದೆಯಲ್ಲ," ಅಂದಳು,
"ಊಟ ಮಾಡಿದ್ದರಾ?"

ನಾನು ಕೇಳಿರಲಿಲ್ಲ.