ಊರ್ ಎಂಬ ಊರಿನ ಗುಮಾಸ್ತನಿಗೆ

ಮಾಲೂರಿನಿಂದ. ಉಭಯ ಕುಶಲೋಪರಿ.
ನಿಮ್ಮಲ್ಲಿ ಕಾಗದ ಶುರುವಾಗುವುದೇ ಬೇರೆ ಥರವಂತೆ:
'ಇಂಥವನಿಗೆ ಹೇಳು' ಎಂದು ಮಣ್ಣಿಗೇ ಅಪ್ಪಣೆ.
ಆಗಲಿ, ಮಣ್ಣೇ ಹೇಳಲಿ.
ನಮ್ಮ ಕೆರೆಯದೂ ಜೇಡಿ, ನಿಮ್ಮ ಹೊಳೆಯದೂ ಜೇಡಿ.
ನಿನ್ನ ಪಟ್ಟಣದ ಹೆಸರು ಊರ್ ಎಂದು ಓದಿ
ತಾಲ್ಲೂಕು ಗ್ರಂಥಾಲಯದಲ್ಲಿ ಒಬ್ಬನೇ ನಕ್ಕೆ.
ಊರಿಗೆ ಊರು ಅಂತಲೇ ಹೆಸರಿಟ್ಟವರು
ನಮ್ಮ ಕಡೆಯವರೇ ಇರಬೇಕು.

ನಾನು ಚಿಕ್ಕಬ್ಬಯ್ಯ.
ರೈಲ್ವೆ ಗೇಟಿನಾಚೆ, ನವಿಲು ಮಾರ್ಕಿನ ಹೆಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಲೆಕ್ಕ ಬರೆದವನು.
ಗೂಡಿಗೆ ಇಷ್ಟು ನೀಲಗಿರಿ ಸೌದೆ, ವ್ಯಾಗನ್ನಿಗೆ ಇಷ್ಟು ಹೆಂಚು,
ಸಾವಿರಕ್ಕೆ ನಲವತ್ತು ಒಡಕು ಮಾಫಿ,
ಸಹಿ ಇಷ್ಟು, ಹೆಬ್ಬೆಟ್ಟು ಇಷ್ಟು.
ನೀನೂ ಅದೇ ತಾನೆ?
ಬಾರ್ಲಿ, ಕುರಿ, ಕೂಲಿಯವರಿಗೆ ಅಳೆದ ಬಿಯರು.

ಮೊದಮೊದಲ ಬರಹ ದೇವರ ಮಾತಲ್ಲವಂತೆ,
ಉಗ್ರಾಣದ ಲೆಕ್ಕವಂತೆ.
ನನಗೇನೂ ಆಶ್ಚರ್ಯವಾಗಲಿಲ್ಲ.
ಆಮೇಲೆ, ತುಂಬ ಆಮೇಲೆ,
ಅದೇ ಜೊಂಡಿನ ಕಡ್ಡಿಯಲ್ಲಿ ಯಾರೋ
ಬಿದ್ದುಹೋದ ಪಟ್ಟಣಕ್ಕೆ ಅತ್ತರು,
ಮುಳುಗಿದ ನೆಲಕ್ಕೊಂದು ದೋಣಿ ಕಟ್ಟಿದರು,
ಸತ್ತ ಗೆಳೆಯನ ನೆಪದಲ್ಲಿ ಲೋಕದ ಅಂಚಿನವರೆಗೆ ನಡೆದರು.
ಅಕ್ಷರ ಸೊಟ್ಟಗಾಯಿತೆಂದು ಬೆತ್ತದೇಟು ತಿಂದ ಹುಡುಗ
ಆ ಏಟನ್ನೂ ಬರೆದಿಟ್ಟ.
ಕುರಿ ಎಣಿಸಿ ಮಿಕ್ಕ ಸಂಜೆಯಲ್ಲೇ ತಾನೆ ಇದೆಲ್ಲ,
ಮಣ್ಣು ಒಣಗುವುದರೊಳಗೆ?

ಶತ್ರು ಅರಮನೆಗೆ ಬೆಂಕಿಯಿಟ್ಟ;
ಬೆಂದದ್ದಕ್ಕೇ ಹಲಗೆಗಳು ಉಳಿದವು.
ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.
ಬೇಯದ ಹೆಂಚು ಮೊದಲ ಮಳೆಗೆ ಕೆಸರು.

ವಿಷಯಕ್ಕೆ ಬರುತ್ತೇನೆ.
ನಿನ್ನ ಹಲಗೆಯ ಫೋಟೋ ನೋಡಿದೆ, ಅಂಗೈಯಷ್ಟಗಲ.
ಕೆಳಗಿನಿಂದ ಮೂರನೇ ಸಾಲಿನಲ್ಲಿ ಒಂದು ನುಣುಪು.
ಪಂಡಿತರು ಅಡಿಟಿಪ್ಪಣಿ ಹಾಕಿದ್ದಾರೆ:
ಸವೆದಿದೆ, ಓದಲಾಗದು.
ಸವೆದದ್ದಲ್ಲ ಅಣ್ಣಾ.
ಹೆಬ್ಬೆರಳಿಗೆ ಎಂಜಲು ಹಚ್ಚಿ ಸವರಿದ್ದು.
ಗುಮಾಸ್ತನ ಬೆರಳು ಗುಮಾಸ್ತನಿಗೆ ಗೊತ್ತು.

ನಮ್ಮಲ್ಲಿ ಅಕ್ಕಯಮ್ಮ ಅಂತ ಒಬ್ಬಳಿದ್ದಳು,
ಹಸಿ ಹೆಂಚು ಹೊತ್ತು ಒಣಗುಮನೆಗೆ ಜೋಡಿಸುವವಳು.
ಓದು ಬಾರದು. ನೂರಕ್ಕೊಮ್ಮೆ
ಹೆಂಚಿನ ಅಂಚಿಗೆ ಉಗುರು ಒತ್ತುವಳು, ಅದೇ ಅವಳ ಖಾತೆ.
(ನಿಮ್ಮಲ್ಲೂ ಮುದ್ರೆಯಿಲ್ಲದವರು ಉಗುರು ಒತ್ತುತ್ತಿದ್ದರಂತೆ.)
ಶನಿವಾರದ ಬಟವಾಡೆಗೆ ಕಿಟಕಿಯ ಹತ್ತಿರ ಬಂದು
'ರಾಸ್ಕೋ ಸಾಮೀ' ಎನ್ನುವಳು. ಬರೆದುಕೋ.
ಬರೆದುಕೊಂಡೆ.
ಮಾಲೀಕರು ಕರೆಸಿದರು. ಆ ಸಾಲು ಬೇಡ ಅಂದರು.
ಬ್ಲೇಡಿನಲ್ಲಿ ಕೆರೆದೆ. ಕಾಗದ ಅಲ್ಲಿ ತೆಳ್ಳಗಾಯಿತು, ಅಷ್ಟೆ.
ಮುಂದಿನ ಶನಿವಾರ ಕಿಟಕಿ ಖಾಲಿ.
ಟೇಕಲ್ ಕಡೆ ಕಲ್ಲು ಒಡೆಯಲು ಹೋದಳು ಅಂದರು,
ಇಲ್ಲ, ತಂಗಿಯ ಮನೆಗೆ ಅಂದರು.

ಆ ರಾತ್ರಿ, ಗೂಡಿಗೆ ಹೋಗಲಿದ್ದ ಒಂದು ಹೆಂಚನ್ನು ಮಗುಚಿ
ಮೊಳೆಯಲ್ಲಿ ಗೀರಿದೆ:
ಅಕ್ಕಯಮ್ಮ, ಬಾಕಿ ಅರವತ್ತೊಂದು ರೂಪಾಯಿ,
ಅಳಿಸಿದವನು ನಾನು.
ಬೆಂದು ಬಂತು, ಕೆಂಪಗೆ; ತಟ್ಟಿದರೆ ಗಂಟೆಯ ಸದ್ದು.
ಒಡಕಿಗೆ ಹಾಕಬಹುದಿತ್ತು. ಹಾಕಲಿಲ್ಲ.
ವ್ಯಾಗನ್ನು ಹತ್ತಿ ಯಾವೂರಿಗೋ ಹೋಯಿತು.

ಕಾರ್ಖಾನೆ ಮುಚ್ಚಿದೆ.
ರಿಜಿಸ್ಟರುಗಳನ್ನೆಲ್ಲ ಗೆದ್ದಲು ಓದಿ ಮುಗಿಸಿತು.
ಎಲ್ಲೋ ಯಾರದೋ ಸೂರಿನ ಒಳಮೈಯಲ್ಲಿ
ನನ್ನ ಎರಡು ಸಾಲು ಅಟ್ಟದ ಕತ್ತಲೆಗೆ ಮುಖಮಾಡಿ ಮಲಗಿವೆ.
ಹಲ್ಲಿ ಅದರ ಮೇಲೆ ಓಡಾಡುತ್ತಿರಬಹುದು.

ಈಗ ನೀನು ಹೇಳು.
ನಾಲ್ಕು ಸಾವಿರ ವರ್ಷವಾಯಿತು,
ನಿನ್ನ ಧಣಿಗೆ ಕೇಳಿಸುವುದಿಲ್ಲ.
ಕೆಳಗಿನಿಂದ ಮೂರನೇ ಸಾಲು.
ಯಾರ ಹೆಸರಿತ್ತು ಅಲ್ಲಿ?
ಎಷ್ಟು ಸೇರು ಬಾರ್ಲಿ?