ಗುಳಿಗೆ ತರಲು ಹೋದವರು

ಮಗಳಿಗೆ ಜ್ವರ. ಗುಳಿಗೆ ತರುತ್ತೇನೆಂದು
ಜೀಪು ಹತ್ತಿದರು ಕರ್ನಲ್ ಇಸುಫು.
ಬೆಳಗಿನ ಜಾವ ರೇಡಿಯೋದಲ್ಲಿ ಇವರ ದನಿ:
‘ನಾಡಬಾಂಧವರೇ...’
ಅಂಗಳದ ಆಡು ಓಡಿಸುವಾಗಿನದೇ ಗದರಿಕೆ.
ನಾನು ರಮಾತುವಿನ ಹಣೆಯ ಒದ್ದೆಬಟ್ಟೆ
ಮಗುಚಿ ಹಾಕಿದೆ.

ಅರಮನೆಯಲ್ಲಿ ಸಜ್ಜೆಗಂಜಿಯನ್ನು
ಮೊದಲು ಒಬ್ಬ ಹುಡುಗ ಉಂಡು
ಅರ್ಧ ಗಂಟೆ ಬದುಕಿ ತೋರಿಸಬೇಕು;
ಆಮೇಲೆ ನಮಗೆ, ಆರಿದ್ದು.
ಹುಡುಗನ ಹೆಸರು ಹಾಮಿದು.
ಕೇಳಿದವಳು ನಾನೊಬ್ಬಳೇ.

ಹರ್ಮಟ್ಟಾನ್ ಧೂಳಿಗೆ ಮಾತ್ರ ತಪಾಸಣೆಯಿಲ್ಲ.
ಇವರು ಬೂಟು ಬಿಚ್ಚದೆ, ಬಾಗಿಲಿಗೆ ಮುಖ ಮಾಡಿ ಮಲಗುತ್ತಾರೆ;
ಇಪ್ಪತ್ತು ವರ್ಷದಿಂದ ನನಗೆ ಪರಿಚಯ
ಆ ಬೆನ್ನಿನದು.

ನಿನ್ನೆ ರಾತ್ರಿ ಮೊಮ್ಮಗನ ಮೈ ಸುಡುತ್ತಿತ್ತು.
ಅಳಿಯ ಎದ್ದ, ಕ್ಯಾಪ್ಟನ್ ಅವನು:
‘ಔಷಧ ತಂದುಬಿಡ್ತೀನಿ ಅತ್ತೆ.’
ಜೀಪಿನ ಕೀಲಿ ಹುಡುಕಿದರು ಎಲ್ಲರೂ.
ಅದರ ಮೇಲೆ ನಾನು ಕೂತಿದ್ದೆ.