ಅಡ್ಡಗೆರಿ

ಬ್ಯಾಂಕಿನ ಮಷಿನ್ನು ಕರ್ ಕರ್ ಅಂದು
ಪಾಸ್‌ಬುಕ್ಕು ಹೊರಗ ನೂಕಿತು.
ಒಂದ ಸಾಲು. ಮೂರರ ಮುಂದ ಐದು ಸೊನ್ನಿ.
ಶಾಯಿ ತೆಳ್ಳಗಿತ್ತು, ಇನ್ನೊಮ್ಮೆ ಹೊಡೀರಿ ಅಂದೆ.
‘ಒಂದ ಸಲಾನ ಬರೂದ್ರೀ ಅಕ್ಕಾರ’ ಅಂದ ಹುಡುಗ.

ಅರ್ಜಿ ಬರದದ್ದು ಗದಗಿನ ಕೋರ್ಟಿನ ಕಟ್ಟಿ ಮ್ಯಾಲ,
ಬೇವಿನ ನೆರಳಿಗೆ. ವಕೀಲಬಾಯಿ ಸಣ್ಣಾಕಿ,
ನನ್ನ ಮಗಳ ವಾರಿಗಿಯಾಕಿ.
ಮೃತರ ಹೆಸರು?
ಹೇಳಾಕ ನನಗ ಬಾಯಿ ತಡೀತು. ಮಗಳು ಹೇಳಿದ್ಲು: ತುಳಜನಸಾ.
ಉದ್ಯೋಗ? ನೇಕಾರಿಕಿ, ಬೆಟಗೇರಿ.
ಆರೋಪಿ ಹೆಸರು?
ಪೆನ್ನು ನಿಂತಿತು.
ಆಮ್ಯಾಲ ಒಂದು ಅಡ್ಡಗೆರಿ ಎಳದ್ಲು.
‘ಸಿಗದಿದ್ರೂ ರೊಕ್ಕ ಬರ್ತೈತ್ರೀ, ಕಾಯ್ದೆದಾಗ ಐತಿ’ ಅಂದ್ಲು,
ಲಗ್ನದ ಮನ್ಯಾಗ
ಇನ್ನೊಂದು ಪಂಕ್ತಿ ಐತಿ, ಕುಂದರ್ರಿ ಅಂದಂಗ.

ನಾ ಅತ್ತದ್ದು ನಮ್ಮ ಮನಿಮಾತಿನಾಗ.
ಅರ್ಜಿಗೆ ಕನ್ನಡ ಬೇಕು.
ನಡುವ ಎಲ್ಲೋ ಅವರ ಕೆಮ್ಮು ಬಿಟ್ಟುಹೋತು.
ಶನಿವಾರ ಶನಿವಾರ ಪಗಾರ ತರೂ ಮುಂದ
ಮಿರ್ಚಿ ಪೊಟ್ಟಣ ಅಂಗಿಯೊಳಗ ಇಟ್ಟು
ಬೆಚ್ಚಗ ತರತಿದ್ರು, ಅದೂ ಬಿಟ್ಟುಹೋತು.
ಆ ಶನಿವಾರದ ಪೊಟ್ಟಣ ಮನಿಗೆ ಬರಲಿಲ್ಲ,
ಪಂಚನಾಮೆಗೆ ಬಂತು:
‘ಎಣ್ಣೆ ಹತ್ತಿದ ಕಾಗದ, ಒಂದು.’

ಎರಡು ಸಾವಿರದ ನಾನೂರು ರೂಪಾಯಿಗೆ
ಹಳಿ ದಾಟೂ ಮುಂದ ಕೈ ಮಾಡಿದವರು ಯಾರೋ.
ಒಬ್ಬನೋ ಇಬ್ಬರೋ, ಅದೂ ಗೊತ್ತಿಲ್ಲ.
ಈಗ ಸಂತ್ಯಾಗ ಬದನಿಕಾಯಿ ತೂಗೂ ಕೈ ನೋಡತೇನಿ,
ಟಂಟಂ ಹಿಡಿಯೂ ಕೈ ನೋಡತೇನಿ,
ಚಿಲ್ಲರ ಇಸಗೊಳ್ಳೂ ಮುಂದ ಕೈ ಹಿಂದ ಜಗ್ಗತೇನಿ.
ಅಡ್ಡಗೆರಿಗೆ ಯಾರ ಮಾರಿ ಹಚ್ಚಿದ್ರೂ
ಹೊಂದತೈತಿ.

ನೇಕಾರ್ತಿ, ಲೆಕ್ಕ ಬಿಡೂದಿಲ್ಲ ನನ್ನ.
ಸೀರಿಗೆ ಆರನೂರು ಮಜೂರಿ.
ಮೂರು ಲಕ್ಷ ಅಂದ್ರ ಐನೂರು ಸೀರಿ.
ವಾರಕ್ಕ ನಾಕು. ನೂರಾ ಇಪ್ಪತ್ತೈದು ವಾರ.
ಎರಡೂವರಿ ವರ್ಷ ಹಿಡೀರಿ.
ಅವರಿಗೆ ನಲವತ್ತಾರು.
ಉಳಿದ ವಾರ ಎಲ್ಲಿ ಅಂತ ಯಾರ್ನ ಕೇಳ್ಲಿ?
ಸಾಹೇಬ್ರು ಚಲೋ ಮಂದಿ, ನೀರು ಕೊಟ್ಟು ಕುಂದರಿಸಿದ್ರು,
ಅದಕ್ಕ ಕೇಳಲಿಲ್ಲ.

ಮಗ್ಗದಾಗ ಅರ್ಧ ಸೀರಿ ಉಳದಿತ್ತು.
ಹನ್ನೊಂದು ತಿಂಗಳು ಚಾದರ ಹೊಚ್ಚಿದ್ದೆ.
ಮಾಲಕ ಎರಡು ಸಲ ಆಳು ಕಳಿಸಿ, ಸುಮ್ಮನಾದ.
ಬ್ಯಾಂಕಿನಿಂದ ಬಂದಾಕಿನ ಕುಣಿಗಿಳಿದೆ.
ಕಾಲ್ಮಣಿ ನನ್ನ ಪಾದಕ್ಕ ಎಟಕಲಿಲ್ಲ,
ಹಗ್ಗ ಬಿಚ್ಚಿ ನಾಕು ಬೆರಳು ಮ್ಯಾಲ ಕಟ್ಟಿದೆ.
ಲಾಳಿಯೊಳಗ ಅವರು ಸುತ್ತಿದ ನೂಲು ಇನ್ನೂ ಇತ್ತು,
ಅದು ಮುಗಿಯೂತನಕ ಯಾಕೋ ಸಾವಕಾಶ ನೇಯ್ದೆ.
ಅವರ ಹೊಡತ ಬಿಗಿ, ನಂದು ಸಡಿಲ.
ಬೆಳಕಿಗೆ ಹಿಡದ್ರ ತಿಳಿತೈತಿ
ಅವರು ಬಿಟ್ಟದ್ದೆಲ್ಲಿ, ನಾ ಹಿಡದದ್ದೆಲ್ಲಿ ಅಂತ:
ಸೀರಿಗೆ ಅಡ್ಡ
ಕೂದಲಷ್ಟು ಸಣ್ಣ ಒಂದು ಗೆರಿ.

ಮಾಲಕ ಅದರ ಮ್ಯಾಲ ಬೆರಳಾಡಿಸಿದ.
ಏನೂ ಅನ್ನಲಿಲ್ಲ.
ಮಜೂರಿಯೊಳಗ ಐವತ್ತು ಮುರಕೊಂಡ.